ಇನ್ನೊಂದೇ ಏರು

ಓಟ ಶುರುವಾಗುವ ಮೊದಲೇ ಸುನಂದಾ ಗೆದ್ದಾಗಿತ್ತು, ಅವಳ ಲೆಕ್ಕದಲ್ಲಿ. ಸಿರುಗುಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಅವಳ ಖಾನಾವಳಿಗೆ ಊಟಕ್ಕೆ ಬರುವ ರೈಸ್‌ಮಿಲ್ಲಿನವರಿಗೆ, ಲಾರಿ ಡ್ರೈವರುಗಳಿಗೆ, ಬ್ಯಾಂಕಿನ ಗುಮಾಸ್ತರಿಗೆ, ಎಲ್ಲರಿಗೂ ರೊಟ್ಟಿಯ ಜೊತೆ ಈ ಸುದ್ದಿಯನ್ನೂ ಬಡಿಸಿದ್ದಳು: ಬರುವ ಭಾನುವಾರ ಕುರುಗೋಡಿನ ಗುಡ್ಡದ ಓಟದಲ್ಲಿ ತಾನು ಅಕ್ಕನನ್ನು ಹಿಂದೆ ಹಾಕುವವಳೇ. ಯಾರಾದರೂ ಅನುಮಾನದ ಮುಖ ಮಾಡಿದರೆ ಅವರಿಗೆ ಎರಡನೇ ಸಲ ಸಾರು ಸಿಗುತ್ತಿರಲಿಲ್ಲ.

ಬರೀ ಜಂಬ ಅಂತ ತಿಳಿಯಬೇಡಿ. ಅವಳಿಗೆ ಓಡುವ ಹುಚ್ಚು ಹತ್ತಿ ಒಂದೆರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಬಂದೀತು, ನಡೆಯಿರಿ ಎಂದು ಡಾಕ್ಟರು ಹೇಳಿದ್ದು ಅವಳ ಗಂಡನಿಗೆ. ಜೊತೆಗೆ ಅಂತ ಇವಳು ಕಾಲುವೆ ದಂಡೆಯ ಮೇಲೆ ಹೊರಟಳು. ಗಂಡ ವಾರದೊಳಗೆ ಮಂಡಿನೋವು ಅಂತ ಮನೆಯಲ್ಲಿ ಕೂತ. ಇವಳು ನಡೆದಳು, ಬೇಸರ ಬಂದು ಓಡಿದಳು, ಓಡುತ್ತಾ ಓಡುತ್ತಾ ಭತ್ತದ ಗದ್ದೆಗಳನ್ನೆಲ್ಲ ದಾಟಿ ಪಕ್ಕದ ಊರು ಮುಟ್ಟಿ ಬರತೊಡಗಿದಳು. ಬಿಸಿಲಿನ ಮಾತು ತೆಗೆದರೆ ನಗುತ್ತಿದ್ದಳು. ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತು ರೊಟ್ಟಿ ಬಡಿದವಳಿಗೆ ಸೂರ್ಯ ಏನು ಹೆಚ್ಚಿನದು ಮಾಡಿಯಾನು! ಒಂದೇ ಕೊರತೆ ಎಂದರೆ ಗುಡ್ಡ. ಸಿರುಗುಪ್ಪದಲ್ಲಿ ಗುಡ್ಡ ಎಲ್ಲಿಂದ ತರೋಣ? ಅಲ್ಲಿ ಎತ್ತರ ಅಂದರೆ ಕಾಲುವೆಯ ದಂಡೆ, ಅದನ್ನೇ ಹತ್ತಿ ಇಳಿದು ಹತ್ತಿ ಇಳಿದು, ಗುಡ್ಡವೂ ಇಷ್ಟೇ ಇರುತ್ತದೆ, ಸ್ವಲ್ಪ ಉದ್ದ ಅಷ್ಟೇ, ಎಂದು ತೀರ್ಮಾನ ಮಾಡಿಬಿಟ್ಟಿದ್ದಳು.

ಅಕ್ಕನನ್ನು ಹಿಂದೆ ಹಾಕುವ ಈ ಹಟದ ಹಿಂದೆ ಒಂದು ತೊಟ್ಟಿಲಿತ್ತು.

ಅಕ್ಕತಂಗಿಯರಿಗೆ ಒಬ್ಬನೇ ತಮ್ಮ, ಸಂಗಮೇಶ್. ಕುರುಗೋಡಿಗೆ ದನದ ಡಾಕ್ಟರಾಗಿ ಬಂದು, ಅಲ್ಲೇ ಮನೆ ಕಟ್ಟಿಸಿ, ತಾಯಿ ಅಕ್ಕನಾಗಮ್ಮನನ್ನೂ ಸಿರಿಗೇರಿಯಿಂದ ಕರೆಸಿಕೊಂಡಿದ್ದ. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೆ, ಹರಕೆ, ಆಸ್ಪತ್ರೆ ಎಲ್ಲ ಮುಗಿದು ಇನ್ನು ಆ ಮಾತೇ ಬೇಡ ಅಂತ ಮನೆಮಂದಿ ಸುಮ್ಮನಾದ ಮೇಲೆ, ಅವನ ಹೆಂಡತಿ ಅಕ್ಷತಾ ಹೆಣ್ಣುಮಗು ಹೆತ್ತಳು. ಕುಡತಿನಿಯ ತವರಿನಲ್ಲಿ ಬಾಣಂತನ ಮುಗಿಸಿ ಕೂಸಿನ ಜೊತೆ ಬಂದಿದ್ದಳು. ಓಟದ ಮರುದಿನ ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಅಂತ ನಿಶ್ಚಯವಾಗಿತ್ತು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಕರೆಯುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಒಡಹುಟ್ಟಿದವಳದು. ಅಕ್ಷತಾ ಹೆಸರು ಆರಿಸಿಕೊಂಡು ಗಂಡನಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಕರೆಯುವ ಅತ್ತೆಗೆ ಮಾತ್ರ ಆ ಹೊತ್ತಿಗೆ ಹೇಳುತ್ತೇನೆ ಎಂದಿದ್ದಳು. ಅತ್ತೆ ಒಬ್ಬಳೇ ಆಗಿದ್ದರೆ ತಾಪತ್ರಯವಿರಲಿಲ್ಲ. ಇಲ್ಲಿ ಇಬ್ಬರು.

ದೊಡ್ಡವಳು ಜಯಶ್ರೀ, ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಯೂನಿಟ್ ನಡೆಸುವವಳು. ಮನೆಯ ಯಾವ ಕಾರ್ಯವಿದ್ದರೂ ಅವಳೇ ಮುಂದೆ. ತಮ್ಮನ ಮದುವೆಯಲ್ಲಿ ಮದುಮಕ್ಕಳನ್ನು ಬಾಗಿಲಲ್ಲಿ ತಡೆದು ನಿಂತವಳು ಜಯಶ್ರೀ, ಅವಳ ಹಿಂದೆ ತಟ್ಟೆ ಹಿಡಿದು ನಿಂತವಳು ಸುನಂದಾ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದವಳು ಜಯಶ್ರೀ, ಆ ಪಾತ್ರೆ ತಿಕ್ಕಿದವಳು ಸುನಂದಾ. ಬೇಕೆಂದು ಯಾರೂ ಮಾಡಿದ್ದಲ್ಲ. ಹಿರಿಯವಳು ಅಂತ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು, ಅವಳು ಎದ್ದು ಬರುತ್ತಿದ್ದಳು. ಊರಿಗೆಲ್ಲ ಬಾಯಿ ಮಾಡುವ ಸುನಂದಾ ಈ ಒಂದು ಮಾತನ್ನು ಮಾತ್ರ ಯಾರ ಮುಂದೂ ಆಡಿರಲಿಲ್ಲ. ಈ ಕೂಸಿನ ಕಿವಿ ತನಗೆ ಬೇಕು. ಬೇಕೇ ಬೇಕು.

ಫೋನಿನಲ್ಲಿ ಮಾತು ಆ ಕಡೆ ಈ ಕಡೆ ಎಳೆದಾಡಿತು. ಅಕ್ಕನಿಗೆ ಹಿರಿತನದ ಹಕ್ಕು. ತಂಗಿ ಅಕ್ಕಪಕ್ಕದ ಮನೆಯವರ ಪದ್ಧತಿಯನ್ನೆಲ್ಲ ಎಳೆದು ತಂದಳು, ಮನಸ್ಸಿನಲ್ಲಿದ್ದದ್ದನ್ನು ಬಿಟ್ಟು. ಕೂಸಿಗೆ ಎರಡು ಕಿವಿ ಇವೆ, ಒಬ್ಬೊಬ್ಬರು ಒಂದೊಂದರಲ್ಲಿ ಕರೆಯಿರಿ ಎಂದು ಸಂಗಮೇಶ್ ನಡುವೆ ಬಾಯಿ ಹಾಕಿದ್ದಕ್ಕೆ ಇಬ್ಬರೂ ಸೇರಿ ಅವನಿಗೆ ಬೈದರು, ಆ ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟು. ಕಡೆಗೆ ಅಕ್ಕನಾಗಮ್ಮ ಮಗನ ಕೈಯಿಂದ ಫೋನ್ ಕಸಿದುಕೊಂಡಳು.

“ಇಬ್ರೂ ಓಡ್ತೀರಂತಲ್ಲ, ಓಡ್ರಿ. ಯಾರು ಮೊದ್ಲು ಬರ್ತೀರಿ, ಅಕಿ ಕರೀಲಿ. ಇನ್ನ ನನ್ನ ತಲಿ ತಿನ್ನಬ್ಯಾಡ್ರಿ.”

ತಾಯಿ ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಹೆಣ್ಣುಮಕ್ಕಳಿಬ್ಬರೂ ಅದನ್ನು ಕೋರ್ಟಿನ ತೀರ್ಪಿನ ಹಾಗೆ ಹಿಡಿದುಕೊಂಡರು. ಜಯಶ್ರೀ ಬಳ್ಳಾರಿಯ ಕೋಟೆಗುಡ್ಡದ ಸುತ್ತ ದಿನಾ ಬೆಳಿಗ್ಗೆ ಓಡುವ ಗುಂಪಿನವಳು, ಏರು ಅವಳಿಗೆ ರೂಢಿ. ಅಷ್ಟು ಸಾಲದೆಂದು ಕುರುಗೋಡಿಗೆ ಬಂದು ತಮ್ಮನ ಸ್ಕೂಟರಿನಲ್ಲಿ ಓಟದ ದಾರಿಯನ್ನೆಲ್ಲ ಒಂದು ಸಲ ಸುತ್ತಿ ನೋಡಿದಳು. ಸುನಂದಾಗೆ ಆ ದಾರಿಯ ನಕ್ಷೆ ವಾಟ್ಸಾಪಿನಲ್ಲಿ ಬಂತು. ಅವಳು ಅದನ್ನು ಬಿಚ್ಚಿ ಕೂಡ ನೋಡದೆ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಕಳಿಸಿದಳು. ಮುಂದಿನವರ ಬೆನ್ನು ನೋಡಿಕೊಂಡು ಓಡಿದರೆ ಊರು ಬರದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಅವಳ ವಾದ.

ಭಾನುವಾರ ತಂಪು ಹೊತ್ತಿನಲ್ಲೇ ಎಲ್ಲರೂ ಬಂದು ನಿಂತರು. ಆದರೆ ಬಾವುಟ ತೋರಿಸಬೇಕಾದ ಅತಿಥಿಗಳು ತಂಪು ಹೊತ್ತಿನವರಾಗಿರಲಿಲ್ಲ. ಅವರು ಬಂದು, ಹಾರ ಹಾಕಿಸಿಕೊಂಡು, ಆರೋಗ್ಯವೇ ಭಾಗ್ಯ ಎಂದು ಹೇಳಿ ಮುಗಿಸುವಷ್ಟರಲ್ಲಿ ಶಿವರಾತ್ರಿ ಕಳೆದ ಬಿಸಿಲು ಕಲ್ಲುಗುಂಡುಗಳ ಮೇಲೆ ಚೆನ್ನಾಗಿ ಬಿದ್ದಿತ್ತು. ಬಳ್ಳಾರಿಯ ಗುಂಪಿನವರು ಗೊಣಗಿದರು. ಸುನಂದಾ ಮಾತ್ರ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಇನ್ನೂ ನಾಲ್ಕು ಮಾತಾಡಲಿ, ಬಿಸಿಲು ಏರಲಿ, ತನಗೇ ಲಾಭ.

ಜಯಶ್ರೀ ಬಂದು ತಂಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಏನಾದರೂ ತಿಂದಿದ್ದಾಳೋ ಇಲ್ಲವೋ ಎಂದು ಕೇಳಿದಳು, ಟೊಪ್ಪಿಗೆ ಯಾಕಿಲ್ಲ ಎಂದು ಗದರಿದಳು, ತನ್ನ ಸೊಂಟದ ಚೀಲದಿಂದ ಗ್ಲೂಕೋಸಿನ ಪೊಟ್ಟಣ ತೆಗೆದು ಇವಳ ಕೈಯಲ್ಲಿ ತುರುಕಿದಳು. ಸುನಂದಾಗೆ ಒಂದು ಕಡೆ ಮನಸ್ಸು ಕರಗಿತು, ಇನ್ನೊಂದು ಕಡೆ ಮೈ ಉರಿಯಿತು. ಪೊಟ್ಟಣ ಕೊಡುವುದರಲ್ಲೂ ಇವಳೇ ಮುಂದೆ!

ಬಾವುಟ ಬಿತ್ತು, ಓಟ ಹೊರಟಿತು. ಕುರುಗೋಡಿನ ಓಣಿಗಳನ್ನು ದಾಟಿ ದಾರಿ ಗುಡ್ಡಗಳ ಹಿಂದಕ್ಕೆ ತಿರುಗಿತು. ಮೊದಲನೆಯ ಏರಿನಲ್ಲೇ ಸುನಂದಾಗೆ ತಿಳಿಯಿತು, ಕಾಲುವೆ ದಂಡೆಗೂ ಗುಡ್ಡಕ್ಕೂ ನೆಂಟಸ್ತಿಕೆ ಇಲ್ಲ. ದಂಡೆ ಹತ್ತಿದರೆ ಮುಗಿಯುತ್ತದೆ. ಇದು ಮುಗಿಯಿತು ಅನ್ನುವಲ್ಲಿ ತಿರುವು ತೆಗೆದುಕೊಂಡು ಮತ್ತೆ ಏರುತ್ತದೆ. ತೊಡೆ ಹಿಡಿದುಕೊಂಡವು, ಎದೆ ಡಬಡಬ ಹೊಡೆದುಕೊಂಡಿತು. ಜಯಶ್ರೀ ಸಣ್ಣ ಸಣ್ಣ ಹೆಜ್ಜೆ ಹಾಕಿಕೊಂಡು, ಉಸಿರು ಕೆಡದ ಹಾಗೆ, ಮುಂದೆ ಮುಂದೆ ಹೋಗುತ್ತಲೇ ಇದ್ದಳು. ಹೋಗಲಿ ಬಿಡು, ಸಪಾಟು ಬರಲಿ ನೋಡಿಕೊಳ್ಳುತ್ತೇನೆ, ಎಂದುಕೊಂಡಳು ಸುನಂದಾ. ಸಪಾಟು ಬಂತು, ಅವಳು ನೋಡಿಕೊಂಡದ್ದೂ ಆಯಿತು. ಅಕ್ಕನ ಬೆನ್ನು ಹತ್ತಿರವಾಯಿತು. ಮತ್ತೆ ಏರು, ಮತ್ತೆ ಬೆನ್ನು ದೂರ. ಹೀಗೆ ಗುಡ್ಡ ಅಕ್ಕನ ಕಡೆ, ಬಯಲು ತಂಗಿಯ ಕಡೆ ವಾದ ಮಾಡುತ್ತಾ ಓಟ ಅರ್ಧ ದಾಟಿತು.

ಬಿಸಿಲು ಬಲಿತ ಹಾಗೆ ಅದೂ ತಂಗಿಯ ಕಡೆ ಸಾಕ್ಷಿ ಹೇಳತೊಡಗಿತು. ಬಂಡೆಗಳು ಕಾದು ಎರಡೂ ಬದಿಯಿಂದ ಸೆಕೆ ಹೊಡೆಯುತ್ತಿತ್ತು. ಗಟ್ಟಿಮುಟ್ಟಾದ ಗಂಡಸರು ಜಾಲಿಯ ನೆರಳು ಹುಡುಕಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ಜಯಶ್ರೀಯ ಟೊಪ್ಪಿಗೆಯ ಅಂಚಿನಿಂದ ಬೆವರು ಹನಿಯುತ್ತಿತ್ತು, ಹೆಜ್ಜೆ ಭಾರವಾಗಿತ್ತು. ಸುನಂದಾಗೂ ಬೆವರು ಇಳಿಯುತ್ತಿತ್ತು, ಆದರೆ ಅದು ದಿನಾ ಮಧ್ಯಾಹ್ನದ ಬೆವರು, ಹಳೆಯ ಪರಿಚಯ. ಮಿಲ್ಲಿನವರ ಊಟದ ಹೊತ್ತಿಗೆ ಇದಕ್ಕಿಂತ ಹೆಚ್ಚು ಬೆವರಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಕಾಲು ಹಾಕಿದಳು. ಮೂರನೆಯ ಏರು ಇಳಿದಾಗ ಅಕ್ಕ ಕಲ್ಲೆಸೆತದಷ್ಟೇ ದೂರದಲ್ಲಿದ್ದಳು.

ಅಲ್ಲಿ ನೀರು ಕೊಡುವ ಮೇಜಿನ ಹಿಂದೆ ಹುಲುಗಪ್ಪ ಎಂಬ ದಪ್ಪ ಮೀಸೆಯ ಮನುಷ್ಯ ನಿಂತಿದ್ದ. ಗಡಿಯ ಕಡೆಯವನು. ಕನ್ನಡ ಶುರು ಮಾಡಿದರೆ ತೆಲುಗಿನಲ್ಲಿ ಮುಗಿಸುವ, ತೆಲುಗು ಶುರು ಮಾಡಿದರೆ ಕನ್ನಡದಲ್ಲಿ ಮುಗಿಸುವ ಪೈಕಿ. ಅವನ ಮಾತಿನ ಎಳೆತ ಕಿವಿಗೆ ಬಿದ್ದದ್ದೇ ತಡ, ಸುನಂದಾಗೆ ಖಾನಾವಳಿಯ ಚಾಳಿ ನೆನಪಾಯಿತು. ಆದೋನಿ ಕಡೆಯ ಡ್ರೈವರುಗಳು ಬಂದರೆ ಅವರ ಭಾಷೆಯಲ್ಲೇ ಮಾತಾಡಿಸುವುದು ಅವಳಿಗೊಂದು ಹೆಮ್ಮೆ. ಲೋಟ ಎತ್ತಿಕೊಂಡು, ಇನ್ನೆಷ್ಟು ದೂರ ಎಂದು ಅಚ್ಚ ತೆಲುಗಿನಲ್ಲಿ ಕೇಳಿದಳು. ಅವನಿಗೂ ಖುಷಿಯಾಯಿತು, ತೆಲುಗಿನಲ್ಲೇ ಹೇಳಿದ.

“ಇಂಕೊಕ್ಕ ಏರು ಉಂದಮ್ಮಾ. ಅದಿ ದಾಟಿತೇ ಊರೇ.”

ಇನ್ನೊಂದೇ ಏರು ಇದೆ, ಅದು ದಾಟಿದರೆ ಊರೇ. ಅವನು ಹೇಳಿದ್ದು ಸರಿಯೇ. ಆದರೆ ನೋಡಿ, ಕನ್ನಡದವರಿಗೆ ಏರು ಎಂದರೆ ಹತ್ತುವ ದಾರಿ. ತೆಲುಗಿನವರಿಗೆ ಏರು ಎಂದರೆ ಹಳ್ಳ, ಹೊಳೆ. ಹುಲುಗಪ್ಪ ಆಡಿದ್ದು ತೆಲುಗು, ಅದರ ನಡುವೆ ಗಡಿಯವರು ಹಾಕುವ ಹಾಗೆ ಕನ್ನಡದ ಏರನ್ನು ಹಾಕಿದ್ದ. ಸುನಂದಾ ತೆಲುಗು ಬಲ್ಲವಳು, ಪೂರ್ತಿ ತೆಲುಗಾಗಿಯೇ ಕೇಳಿಸಿಕೊಂಡಳು. ಕೆಳಗೆ ನೋಡಿದರೆ, ದೇವರಾಣೆಗೂ, ಅಲ್ಲೊಂದು ಹಳ್ಳವೂ ಇತ್ತು! ದಾರಿ ಇಳಿದು ಹೋಗಿ ಒಣಗಿದ ಹಳ್ಳದ ಸಣ್ಣ ಸೇತುವೆ ದಾಟಿ ಬಂಡೆಯ ಮಗ್ಗುಲಿಗೆ ತಿರುಗುತ್ತಿತ್ತು. ತೆಲುಗಿನ ಗಂಧವಿಲ್ಲದವಳು ಬಂದು ಕನ್ನಡದಲ್ಲಿ ಕೇಳಿದ್ದರೆ ಈ ಮೋಸ ಆಗುತ್ತಿರಲಿಲ್ಲ.

ಅಂದರೆ ಗುಡ್ಡಗಳೆಲ್ಲ ಮುಗಿದವು! ಸುನಂದಾ ಲೋಟ ಎಸೆದು ಸೊಂಟಕ್ಕೆ ಓಢಣಿ ಬಿಗಿದಳು. ಇನ್ನು ಉಳಿಸಿಕೊಂಡು ಏನು ಮಾಡುವುದು? ಮೈಯಲ್ಲಿದ್ದದ್ದನ್ನೆಲ್ಲ ಕಾಲಿಗೆ ಸುರಿದಳು. ಇಳಿಜಾರಿನಲ್ಲಿ ಅಕ್ಕನ ಮಗ್ಗುಲಿಗೆ ಬಂದಳು, ಒಂದು ಕ್ಷಣ ಇಬ್ಬರೂ ಭುಜಕ್ಕೆ ಭುಜ ಓಡಿದರು, ಆಮೇಲೆ ಅಕ್ಕ ಹಿಂದಾದಳು. ಹಿಂದಿನಿಂದ ಜಯಶ್ರೀ ಏನೋ ಕೂಗಿದಳು, ನಿಧಾನ ಅಂದಳೋ ಏನೋ. ಸೋಲುವವರು ಹಾಗೇ ಅನ್ನುತ್ತಾರೆ ಎಂದು ಸುನಂದಾ ತಿರುಗಿಯೂ ನೋಡಲಿಲ್ಲ. ಸೇತುವೆಯ ಮೇಲೆ ಅವಳ ಬೂಟುಗಳು ಪಟಪಟ ಸದ್ದು ಮಾಡಿದವು. ಮನಸ್ಸು ಆಗಲೇ ತೊಟ್ಟಿಲ ಹತ್ತಿರ ಕೂತಿತ್ತು, ಯಾವ ಸೀರೆ ಉಡಬೇಕೆಂದು ಕೂಡ ಗೊತ್ತು ಮಾಡಿಕೊಂಡಳು.

ಬಂಡೆ ತಿರುಗಿದಳು. ಊರು ಇರಲಿಲ್ಲ. ಎದುರಿಗೆ ದಾರಿ ನೆಟ್ಟಗೆ ಆಕಾಶಕ್ಕೆ ಎದ್ದು ನಿಂತಿತ್ತು. ಇಲ್ಲಿಯವರೆಗೆ ಹತ್ತಿದ ಮೂರೂ ಏರುಗಳು ಇದರ ಮಕ್ಕಳು ಅನ್ನಬೇಕು, ಅಂಥ ಏರು. ಸುನಂದಾ ನಿಂತೇಬಿಟ್ಟಳು. ಒಂದು ಗಳಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೊದಲು ಹುಲುಗಪ್ಪನಿಗೆ ಬೈದಳು, ಆಮೇಲೆ ತನ್ನ ತೆಲುಗಿಗೆ ಬೈದಳು, ಆಮೇಲೆ ಬೈಯುವುದಕ್ಕೂ ಉಸಿರು ಸಾಲಲಿಲ್ಲ. ಓಡಲು ಕಾಲೆತ್ತಿದರೆ ಮೀನಖಂಡ ಗಂಟು ಕಟ್ಟಿತು. ಮೊಣಕಾಲಿನ ಮೇಲೆ ಕೈಯೂರಿ ಮುದುಕಿಯಂತೆ ಹೆಜ್ಜೆ ಹೆಜ್ಜೆಗೆ ಮೇಲೇರಿದಳು. ಇಷ್ಟು ಹತ್ತಿರ ಬಂದು ಕೈತಪ್ಪಿತಲ್ಲ ಎಂದು ಅಳು ಒತ್ತಿ ಬಂತು.

ಹಿಂದೆ ಸಣ್ಣ ಹೆಜ್ಜೆಗಳ ಸದ್ದು ಕೇಳಿತು. ನೋಡುವ ಅಗತ್ಯವಿರಲಿಲ್ಲ. ಜಯಶ್ರೀ ಪಕ್ಕಕ್ಕೆ ಬಂದಳು, ಮುಖ ಕೆಂಪೇರಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು, ಹೆಜ್ಜೆ ಮಾತ್ರ ತಪ್ಪಿರಲಿಲ್ಲ. ಅವಳು ದಾಟಿದಳು. ಎರಡು ಮಾರು ಮುಂದೆ ಹೋದಳು. ಆಗ ಇಷ್ಟು ವರ್ಷ ಗಂಟಲಲ್ಲೇ ಉಳಿದದ್ದು ಸುನಂದಾಳ ಬಾಯಿಂದ ತಾನಾಗಿ ಹೊರಬಿತ್ತು.

“ಅಕ್ಕಾ, ಎಲ್ಲಾದ್ರಾಗೂ ನೀನ ಮುಂದ ನಿಂತಿ. ಇದೊಂದು ನನಗ ಬಿಡು.”

ಜಯಶ್ರೀಯ ಹೆಜ್ಜೆ ಒಮ್ಮೆ ತಡೆಯಿತು. ತಿರುಗಿ ತಂಗಿಯ ಮುಖವನ್ನು ಹೊಸದಾಗಿ ನೋಡಿದ ಹಾಗೆ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಆ ಕಣ್ಣುಗಳಲ್ಲೇ ಕಾಣುತ್ತಿತ್ತು.

“ಮೊದ್ಲ ಕೇಳಿದ್ರ ಕೊಟ್ಟುಬಿಡ್ತಿದ್ನಲ್ಲೇ, ಹುಚ್ಚಿ. ಈಗ ಓಟಕ್ಕ ಬಂದೀವಿ. ಈಗ ಓಡಿ ತಗೋ.”

ಹೇಳಿದವಳು ಮತ್ತೆ ಮುಂದೆ ತಿರುಗಿ ಓಡಿದಳು.

ಸುನಂದಾಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಳಬೇಕಿತ್ತಂತೆ! ಕೂಡಿ ಬೆಳೆದ ಅಕ್ಕ, ಒಂದೇ ಕೌದಿಯಲ್ಲಿ ಮಲಗಿದ ಅಕ್ಕ, ಅವಳಿಗೆ ಅರ್ಜಿ ಹಾಕಬೇಕಿತ್ತಂತೆ! ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಕೇಳಿದ್ದರೆ ಕೊಡುತ್ತಿದ್ದಳು. ಇದು ಸುಳ್ಳಲ್ಲ, ಜಯಶ್ರೀ ಸುಳ್ಳು ಹೇಳುವವಳಲ್ಲ. ಅಕ್ಕ ಕಸಿದುಕೊಂಡದ್ದು ಏನೂ ಇರಲಿಲ್ಲ, ತಾನು ಕೈಚಾಚದೆ ಇದ್ದದ್ದೇ ಇಷ್ಟು ದಿನ ಒಳಗೆ ಹುಣ್ಣಾಗಿ ಕೂತಿತ್ತು. ಹಾಗೆ ಅನ್ನಿಸಿದ್ದೇ ಎದೆ ಹಗುರಾಯಿತು. ಸಿಟ್ಟು ಮಾತ್ರ ಹಾಗೇ ಉಳಿಯಿತು, ಒಳ್ಳೆಯದೇ ಆಯಿತು, ಕಾಲಿಗೆ ಬೇಕಾದದ್ದು ಅದೇ. ಅಕ್ಕನ ಸಣ್ಣ ಹೆಜ್ಜೆಯನ್ನೇ ನೋಡಿ ತಾನೂ ಅಷ್ಟೇ ಸಣ್ಣ ಹೆಜ್ಜೆ ಹಾಕತೊಡಗಿದಳು. ಗುಡ್ಡ ಹತ್ತುವುದಕ್ಕೆ ಇದೇ ಮರ್ಮ ಅಂತ ತಿಳಿದದ್ದು ಕಡೆಯ ಗುಡ್ಡದಲ್ಲಿ. ಮೀನಖಂಡ ನಿಧಾನಕ್ಕೆ ಸಡಿಲಾಯಿತು.

ನೆತ್ತಿ ಬಂತು. ಕೆಳಗೆ ಕುರುಗೋಡು ಕಾಣಿಸಿತು, ಶಾಮಿಯಾನ, ಜನ, ಧ್ವನಿವರ್ಧಕದ ಗದ್ದಲ. ಇಳಿಜಾರು ನೇರವಾಗಿ ಅಲ್ಲಿಗೇ. ಜಯಶ್ರೀ ಇಪ್ಪತ್ತು ಹೆಜ್ಜೆ ಮುಂದಿದ್ದಳು. ಆದರೆ ಬಿಸಿಲು ಅವಳನ್ನು ಹಿಂಡಿಬಿಟ್ಟಿತ್ತು, ಇಳಿಯುವಾಗ ಮಂಡಿಗೆ ಹೆದರಿ ಹೆಜ್ಜೆ ಬಿಗಿ ಹಿಡಿಯುತ್ತಿದ್ದಳು. ಸುನಂದಾ ಹೆದರುವ ಶಾಸ್ತ್ರವನ್ನೇ ಇಟ್ಟುಕೊಳ್ಳಲಿಲ್ಲ. ಕೈ ಅಗಲಿಸಿ ಮೈಯನ್ನು ಇಳಿಜಾರಿಗೆ ಒಪ್ಪಿಸಿಬಿಟ್ಟಳು. ಬಿದ್ದರೆ ಬಿದ್ದೆ, ಮೊಣಕಾಲಿನ ಚರ್ಮ ಮತ್ತೆ ಬಂದೀತು, ಈ ಕೂಸಿಗೆ ಹೆಸರಿಡುವ ದಿನ ಮತ್ತೆ ಬರುವುದಿಲ್ಲ.

ಶಾಮಿಯಾನದ ಹತ್ತಿರ ಬರುವಾಗ ಇಬ್ಬರೂ ಒಂದೇ ಗೆರೆಯಲ್ಲಿದ್ದರು. ಆಗ ಸುನಂದಾಳ ಮನಸ್ಸಿನಲ್ಲಿ ಒಂದು ಭಯ ಸುಳಿಯಿತು. ಅಕ್ಕ ಬಿಟ್ಟುಕೊಟ್ಟರೆ? ಅಯ್ಯೋ ಪಾಪ ಅಂತ ಹೆಜ್ಜೆ ಸಡಿಲಿಸಿದರೆ? ಹಾಗೆ ಸಿಕ್ಕಿದ್ದು ತನಗೆ ಬೇಡ. ಪಕ್ಕಕ್ಕೆ ನೋಡಿದಳು. ಜಯಶ್ರೀಯ ಬಾಯಿ ತೆರೆದಿತ್ತು, ಕತ್ತಿನ ನರ ಬಿಗಿದಿದ್ದವು, ಟೊಪ್ಪಿಗೆ ಎಲ್ಲೋ ಹಾರಿಹೋಗಿತ್ತು. ಮನೆಯಲ್ಲಿ ಯಾವತ್ತೂ ಯಾರ ಮುಂದೆಯೂ ಹಾಗೆ ಕೆದರಿಕೊಂಡು ನಿಂತವಳಲ್ಲ. ಅವಳು ಜೀವದ ಹಂಗು ತೊರೆದು ಓಡುತ್ತಿದ್ದಳು, ತಂಗಿಯನ್ನು ಸೋಲಿಸಲು. ಸುನಂದಾಗೆ ಅವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿ ಬಂತು. ಆ ಪ್ರೀತಿಯಲ್ಲೇ ಹಲ್ಲು ಕಚ್ಚಿ ಅವಳನ್ನು ಹಿಂದೆ ಹಾಕಿ ಗೆರೆ ದಾಟಿದಳು.

ಓಟ ಗೆದ್ದವರು ಬೇರೆ, ಅವರು ಆಗಲೇ ಬಾಳೆಹಣ್ಣು ತಿಂದು, ಫೋಟೋ ತೆಗೆಸಿಕೊಂಡು, ಮನೆಯ ದಾರಿ ಹಿಡಿದಿದ್ದರು. ಅಕ್ಕನಾಗಮ್ಮ ಮಾತ್ರ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಇಬ್ಬರ ಅವತಾರವನ್ನೂ ನೋಡಿ, ಇಂಥ ಹುಚ್ಚಿಯರನ್ನು ಹೆತ್ತೆನಲ್ಲ ಎಂದು ಹಣೆ ಚಚ್ಚಿಕೊಂಡು, ಮಜ್ಜಿಗೆಯ ತಂಬಿಗೆಯನ್ನು ಮೊದಲು ಸಣ್ಣ ಮಗಳ ಕೈಗೆ ಕೊಟ್ಟಳು.

ಸೋಮವಾರ ಮನೆ ತುಂಬ ಹೆಂಗಸರು. ಸುನಂದಾ ತೊಟ್ಟಿಲಿನ ಹತ್ತಿರ ಕೂರಬೇಕಾದರೆ ತೊಡೆ ಎರಡೂ ಬೊಬ್ಬೆ ಹೊಡೆದವು. ಬಾಗಿಲ ಹತ್ತಿರ ಜಯಶ್ರೀಯೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ರೂಢಿಯಂತೆ ಮುಂದೆ ಬಂದವಳು ನೆನಪಾಗಿ ಅಲ್ಲೇ ನಿಂತಳು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಿಂದೆ ಮುಂದೆ ನೋಡಿದಳು. ಸುನಂದಾ ಕೈ ಚಾಚಿ ಅವಳನ್ನು ಎಳೆದು ತನ್ನ ಬೆನ್ನ ಹಿಂದೆಯೇ ಕೂರಿಸಿಕೊಂಡಳು.

ಅಕ್ಷತಾ ಬಗ್ಗಿ ಸುನಂದಾಳ ಕಿವಿಯಲ್ಲಿ ಹೆಸರು ಹೇಳಿದಳು. ಸುನಂದಾ ತೊಟ್ಟಿಲೊಳಗೆ ಬಗ್ಗಿದಳು. ಕೂಸು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು. ಅದರ ಕಿವಿ ಹೂವಿನ ಎಸಳಿನಷ್ಟು ಮೆತ್ತಗೆ, ಸಣ್ಣಗೆ. ನಮ್ಮ ಕಡೆ ಕಿವಿಯಲ್ಲಿ ಕುರ್‌ರ್ ಅಂತ ಸದ್ದು ಮಾಡಿ ಆಮೇಲೆ ಹೆಸರು ಹೇಳುತ್ತಾರೆ, ಹೇಳುವಾಗ ಹಿಂದಿದ್ದವರು ಅತ್ತೆಯ ಬೆನ್ನಿಗೆ ಗುದ್ದುತ್ತಾರೆ. ಕುರ್‌ರ್ ಅಂದಳು ಸುನಂದಾ. ಮುಂದೆ ಧ್ವನಿಯೇ ಏಳಲಿಲ್ಲ. ಖಾನಾವಳಿಯಲ್ಲಿ ನಿಂತು ಕೂಗಿದರೆ ಬಸ್‌ಸ್ಟ್ಯಾಂಡಿಗೆ ಕೇಳಿಸುವ ಗಂಟಲು, ಆ ಹೊತ್ತಿನಲ್ಲಿ ಕಟ್ಟಿಹೋಯಿತು. ಕಣ್ಣಿಂದ ನೀರು ತೊಟ್ಟಿಲ ಬಟ್ಟೆಯ ಮೇಲೆ ಬಿತ್ತು. ಹೆಂಗಸರೆಲ್ಲ ಕಾಯುತ್ತಾ ನಿಂತರು.

ಬೆನ್ನಿಗೆ ಒಂದು ಗುದ್ದು ಬಿತ್ತು, ಶಾಸ್ತ್ರದ ಗುದ್ದಲ್ಲ, ಸರಿಯಾದ ಗುದ್ದು. ಅದು ಯಾರದೆಂದು ಸುನಂದಾಗೆ ತಿರುಗದೆಯೇ ಗೊತ್ತಾಯಿತು.

“ಜೋರ ಹೇಳೇ,” ಎಂದಳು ಜಯಶ್ರೀ ಹಿಂದಿನಿಂದ, ಅವಳ ದನಿಯೂ ಒದ್ದೆಯಾಗಿತ್ತು. “ನನಗೂ ಕೇಳಬೇಕು.”

ಸುನಂದಾ ಉಸಿರು ತುಂಬಿಕೊಂಡು ಕೂಸಿನ ಹೆಸರು ಕರೆದಳು.